ಎ ಸೈಡ್, ಬಿ ಸೈಡ್ ನಡುವೆ

ಬೀಳಗಿಯವನ ಹತ್ತಿರ ಟೂ-ಇನ್-ಒನ್ ಇತ್ತು, ರೇಡಿಯೋ ಟೇಪು ಎರಡೂ ಒಂದರಲ್ಲೇ. ನನ್ನ ಹತ್ತಿರ ಬರೀ ಟೇಪ್‌ರೆಕಾರ್ಡರ್. ಗೋಕಾಕನ ಹತ್ತಿರ ಎರಡೂ ಇರಲಿಲ್ಲ, ಆದರೆ ಕ್ಯಾಸೆಟ್ಟುಗಳು ಎಲ್ಲರಿಗಿಂತ ಜಾಸ್ತಿ ಇದ್ದವು. ಇಂಡಿಯವನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಯಾರ ಕ್ಯಾಸೆಟ್ಟು ಯಾರ ಕೋಣೆಯಲ್ಲಿದೆ, ಯಾವತ್ತು ವಾಪಸ್ ಬರಬೇಕು, ಎಲ್ಲ ಅದರಲ್ಲಿ ಬರೆದಿರುತ್ತಿದ್ದ.

1983ರಲ್ಲಿ ನಾವು ಬಿ.ಎಸ್ಸಿ.ಗೆ ಸೇರಿದಾಗ ಹಾಸ್ಟೆಲ್ಲಿನಲ್ಲಿ ಹುಡುಗರನ್ನು ಊರ ಹೆಸರಿನಿಂದಲೇ ಕರೆಯುತ್ತಿದ್ದರು. ಈಗಲೂ ಫೋನ್ ಮಾಡಿದರೆ ನಾನು "ಬೀಳಗಿ, ಆರಾಮ ಅದೀಯೇನಪಾ?" ಅಂತಲೇ ಕೇಳುವುದು. ನಾನೊಬ್ಬ ಮಾತ್ರ ಇದೇ ಊರಿನವನು. ಶಹಾಪೇಟಿಯ ಮನೆಯಿಂದ ಸೈಕಲ್ ಮೇಲೆ ಬರುತ್ತಿದ್ದೆ. ಆಗ ಊರಿಗೆ ಬಿಜಾಪುರ ಅನ್ನುತ್ತಿದ್ದರು, ವಿಜಯಪುರ ಆದದ್ದು 2014ರಲ್ಲಿ. ಬಾಗಲಕೋಟೆಯೂ ಬೀಳಗಿಯೂ ಇನ್ನೂ ನಮ್ಮ ಜಿಲ್ಲೆಯೊಳಗೇ ಇದ್ದವು.

ನಾಲ್ವರನ್ನು ಕೂಡಿಸಿದ್ದು ಹಾಡು. ಆದರೆ ನಾಲ್ವರ ಹಾಡೂ ಬೇರೆ ಬೇರೆ. ಬೀಳಗಿಯವನಿಗೆ ಹಳೆಯ ಹಿಂದಿ ಸಿನಿಮಾ ಹಾಡೆಂದರೆ ಜೀವ. ಅದಕ್ಕೆ ಕಾರಣವೂ ಇತ್ತು. 1940ರ ದಶಕದಲ್ಲಿ ಮುಂಬಯಿಯ ಸಿನಿಮಾಗಳಲ್ಲಿ ಹಾಡಿ ದೇಶಕ್ಕೆಲ್ಲ ಹೆಸರಾದ ಅಮೀರಬಾಯಿ ಕರ್ನಾಟಕಿ ಅವನ ಊರಿನವರು. ಅವರು ಕಟ್ಟಿಸಿದ ಅಮೀರ ಟಾಕೀಜ್ ನಮ್ಮ ಊರಿನಲ್ಲೇ ಇತ್ತು. ಅದರ ಮುಂದೆ ಹಾಯುವಾಗಲೆಲ್ಲ ಅವನು ಸೈಕಲ್ ನಿಧಾನ ಮಾಡುತ್ತಿದ್ದ. ಅವರ ಹಾಡುಗಳ ಒಂದು ಕ್ಯಾಸೆಟ್ಟನ್ನು ಹುಡುಕಿ ಹುಡುಕಿ, ಒಂದೊಂದೇ ಹಾಡು ಕೂಡಿಸಿ ಎರಡು ವರ್ಷದಲ್ಲಿ ತುಂಬಿಸಿದ. ರೇಡಿಯೋದಿಂದ ಎರಡು, ಯಾರದೋ ಮನೆಯ ಗ್ರಾಮೋಫೋನ್ ತಟ್ಟೆಯಿಂದ ಮೂರು, ಹೀಗೆ.

ತುಂಬಿಸುವುದು ಅಂದೆನಲ್ಲ, ನಾವು ರೆಕಾರ್ಡ್ ಮಾಡುವುದಕ್ಕೆ ಹಾಗೇ ಅನ್ನುತ್ತಿದ್ದೆವು. "ಈ ಸೈಡ್ ತುಂಬೇತಿ, ಆ ಸೈಡ್ ಖಾಲಿ ಐತಿ." ಬಿಂದಿಗೆಗೆ ನೀರು ತುಂಬಿದ ಹಾಗೆ.

ಗೋಕಾಕನ ಅಪ್ಪ ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ಕೆಲಸದಲ್ಲಿದ್ದರು. ಅವನು ರಜೆ ಮುಗಿಸಿ ಬಂದಾಗ ಟ್ರಂಕಿನಲ್ಲಿ ಶೇಂಗಾ ಹಿಂಡಿಯ ಡಬ್ಬಿಯ ಪಕ್ಕ ಕ್ಯಾಸೆಟ್ಟುಗಳಿರುತ್ತಿದ್ದವು. ಕುಮಾರ ಗಂಧರ್ವರನ್ನು ನಮಗೆ ಕೇಳಿಸಿದವನು ಅವನೇ. ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಅವರೇ ಈ ಕುಮಾರ ಗಂಧರ್ವ ಎಂದು ಹೇಳುವಾಗ ಅವನ ಮುಖ ನೋಡಬೇಕಿತ್ತು. ಕ್ಷಯ ಬಂದು, ದೇವಾಸದಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದು, ಹಾಡಲೇಬಾರದು ಅಂತ ಡಾಕ್ಟರು ಹೇಳಿದ ಮೇಲೂ ಮತ್ತೆ ಎದ್ದು ಹಾಡಿದ್ದರು. ಒಂದೇ ಪುಪ್ಪುಸದ ಬಲದಲ್ಲಿ. ಅವರ ಕಬೀರ ಭಜನೆಗಳಲ್ಲಿ ಸಾಲುಗಳು ಯಾಕೆ ಅಷ್ಟು ಚಿಕ್ಕ ಚಿಕ್ಕ ತುಂಡಾಗಿ ಬರುತ್ತವೆ ಎಂದು ನನಗೆ ಆಗ ತಿಳಿಯಿತು. ಆ ಕ್ಯಾಸೆಟ್ಟನ್ನು ನಾನು ಹದಿನೈದು ದಿನ ಇಟ್ಟುಕೊಂಡಿದ್ದೆ. ಇಂಡಿಯವನ ನೋಟ್‌ಬುಕ್ಕಿನಲ್ಲಿ ನನ್ನ ಹೆಸರಿನ ಮುಂದೆ ಎರಡು ಸಲ ಕೆಂಪು ಗೆರೆ ಬಿತ್ತು.

ಇಂಡಿಯವನದು ಅಂಗಡಿಯಲ್ಲಿ ಸಿಗದ ಹಾಡು. ಅವನ ಹಳ್ಳಿಯಲ್ಲಿ ಮೊಹರಂಗೆ ಹಾಡುವ ರಿವಾಯತ ಪದಗಳು, ಅಮಾವಾಸ್ಯೆಯ ಭಜನೆ, ಗೀಗೀ ಪದ. ಸೊಲ್ಲಾಪುರದ ಮಾವನಿಂದ ಟೇಪ್ ತಂದು ಮೊಹರಂನ ಬೆಂಕಿಯ ಅಲಾಯಿ ಕುಣಿಯ ಪಕ್ಕ ನಿಂತು ತುಂಬಿಸಿಕೊಂಡು ಬಂದಿದ್ದ. ಹಲಗೆಯ ಬಡಿತ, ಹುಡುಗರ ಕೇಕೆ, ಅದರ ಮಧ್ಯೆ ಕನ್ನಡದಲ್ಲೇ ಕರ್ಬಲಾದ ಕಥೆ. ಹಿಂದೂ ಮುಸಲ್ಮಾನ ಎಲ್ಲರೂ ಕೂಡಿಯೇ ಹಾಡುತ್ತಿದ್ದರು. ಅದರಲ್ಲಿ ಅವನ ಮುತ್ಯಾ ಹಾಡಿದ ಒಂದು ಪದವೂ ಇತ್ತು.

ಆ ಕ್ಯಾಸೆಟ್ಟಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ಕ್ಯಾಸೆಟ್ಟಿನ ಬೆನ್ನ ಮೇಲೆ ಎರಡು ಚಿಕ್ಕ ಪ್ಲಾಸ್ಟಿಕ್ ಹಲ್ಲು ಇರುತ್ತವೆ. ಅವನ್ನು ಮುರಿದರೆ ರೆಕಾರ್ಡ್ ಗುಂಡಿ ಒತ್ತಲು ಬರುವುದಿಲ್ಲ, ಒಳಗಿನದು ಭದ್ರ. ಮತ್ತೆ ತುಂಬಿಸಬೇಕೆಂದರೆ ಆ ತೂತಿಗೆ ಟೇಪು ಅಂಟಿಸಬೇಕು. ಇಂಡಿಯವನು ಮುರಿದಿರಲಿಲ್ಲ. ನಾನು ಮನೆಯಲ್ಲಿ ಪ್ಲೇ ಒತ್ತುವಾಗ ಕತ್ತಲಲ್ಲಿ ಎರಡೂ ಗುಂಡಿ ಒಟ್ಟಿಗೆ ಒತ್ತಿದೆ. ಏಳು ನಿಮಿಷದ ಪದ ಹೋಯಿತು. ಮುತ್ಯಾ ಅಷ್ಟರಲ್ಲಿ ತೀರಿಹೋಗಿದ್ದರು. ಮರುದಿನ ಹೇಳಿದಾಗ ಅವನು ಬೈಯಲಿಲ್ಲ. ಸುಮ್ಮನೆ ಕುಳಿತ. ಸಂಜೆ ಒಂದು ಚಾಕು ತಂದು ನಮ್ಮ ನಾಲ್ವರ ಅಷ್ಟೂ ಕ್ಯಾಸೆಟ್ಟುಗಳ ಹಲ್ಲು ಒಂದೊಂದಾಗಿ ಮುರಿದ. ಅವತ್ತಿಂದ ನಮ್ಮಲ್ಲಿ ಯಾರ ಹಾಡೂ ಅಳಿಯಲಿಲ್ಲ.

ನನ್ನ ಹುಚ್ಚು ಹಿಂದೂಸ್ತಾನಿ ಖ್ಯಾಲ ಗಾಯನದ್ದು. ಅದಕ್ಕೆ ನಮಗಿದ್ದ ದೊಡ್ಡ ಬಾಗಿಲು ಆಕಾಶವಾಣಿ. ಶನಿವಾರ ರಾತ್ರಿ 9.30ಕ್ಕೆ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಬರುತ್ತಿತ್ತು. 1952ರಲ್ಲಿ ಶುರುವಾದದ್ದು. ಧಾರವಾಡ ಸ್ಟೇಷನ್ನು ಹಿಡಿದರೆ ದೇಶದ ದೊಡ್ಡ ದೊಡ್ಡವರು ಮನೆಗೇ ಬಂದು ಹಾಡಿದ ಹಾಗೆ. ಅದನ್ನು ತುಂಬಿಸಲು ಸಿ-90 ಬೇಕು, ಒಂದೊಂದು ಸೈಡಿಗೆ 45 ನಿಮಿಷ. ಸಿನಿಮಾ ಹಾಡಿಗೆ ಸಿ-60 ಸಾಕು. ಸಿ-120 ಕೂಡ ಸಿಗುತ್ತಿತ್ತು, ಆದರೆ ನಾವು ಮುಟ್ಟುತ್ತಿರಲಿಲ್ಲ. ಅದರ ಟೇಪು ತೀರ ತೆಳು. ಸುತ್ತಿಟ್ಟಾಗ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಇಳಿಯುತ್ತದೆ. ಹಾಡು ಶುರುವಾಗುವ ಮೊದಲೇ ಎಲ್ಲೋ ದೂರದಲ್ಲಿ ಅದೇ ಹಾಡು ಕೇಳುತ್ತದೆ. ಒಂದು ಖಾಲಿ ಸಿ-90 ಕೊಳ್ಳಲು ವಾರಗಟ್ಟಲೆ ಚಹಾ ಬಿಟ್ಟದ್ದಿದೆ.

ತೊಂದರೆ ಎರಡು. ಒಂದು, ಕರೆಂಟು. ಇನ್ನೊಂದು, ಸೈಡ್ ಬದಲಿಸುವ ಹೊತ್ತು. 45 ನಿಮಿಷ ಮುಗಿದಾಗ ಗಾಯಕರು ನಮಗಾಗಿ ನಿಲ್ಲುವುದಿಲ್ಲ. ಕ್ಯಾಸೆಟ್ಟು ತೆಗೆದು ತಿರುವಿ ಹಾಕಿ ಗುಂಡಿ ಒತ್ತುವಷ್ಟರಲ್ಲಿ ಹತ್ತು ಹದಿನೈದು ಸೆಕೆಂಡ್ ಹೋಗಿಯೇ ಹೋಗುತ್ತದೆ.

ಒಂದು ಶನಿವಾರ ಮಲ್ಲಿಕಾರ್ಜುನ ಮನ್ಸೂರರದು ಇತ್ತು. ಧಾರವಾಡದ ನಮ್ಮವರೇ. ಆದರೆ ಅವರು ಹಾಡುವ ರಾಗಗಳು ಬೇರೆ ಯಾರ ಹತ್ತಿರವೂ ಸುಲಭಕ್ಕೆ ಕೇಳಸಿಗುವವಲ್ಲ. ಮಂಜೀಖಾನ, ಬುರ್ಜೀಖಾನರಿಂದ ಕಲಿತ ಜೈಪುರ ಘರಾಣೆಯ, ಎರಡು ರಾಗ ಬೆಸೆದ ಜೋಡು ರಾಗಗಳು. ಇದನ್ನು ಕಳೆದುಕೊಳ್ಳಬಾರದೆಂದು ವಾರ ಮೊದಲೇ ಕುಳಿತು ಯೋಚಿಸಿದೆವು. ಬೀಳಗಿಯವನು ತನ್ನ ಕೋಣೆಯಲ್ಲಿ ಟೂ-ಇನ್-ಒನ್‌ನಿಂದ ನೇರ ತುಂಬಿಸಬೇಕು, ಅದೂ ಸೆಲ್ ಮೇಲೆ, ಕರೆಂಟು ಹೋದರೂ ನಿಲ್ಲಬಾರದು. ನಾನು ಮನೆಯಲ್ಲಿ ಅಪ್ಪನ ವಾಲ್ವ್ ರೇಡಿಯೋದ ಮುಂದೆ ನನ್ನ ಟೇಪ್ ಇಟ್ಟು, ಹತ್ತು ನಿಮಿಷ ತಡ ಮಾಡಿ ಶುರು ಮಾಡಬೇಕು. ಆಗ ಅವನ ಸೈಡ್ ಬದಲಾಗುವಾಗ ನನ್ನದು ಓಡುತ್ತಿರುತ್ತದೆ, ನನ್ನದು ಬದಲಾಗುವಾಗ ಅವನದು. ಲೆಕ್ಕ ಹಾಕಿದವನು ಇಂಡಿಯವನು.

ಅವತ್ತು ಕರೆಂಟು ಹೋಗಲಿಲ್ಲ. ಮನ್ಸೂರರು ಎರಡನೆಯದಾಗಿ ಬಸಂತಿ ಕೇದಾರ ಎತ್ತಿಕೊಂಡರು. ಬಸಂತದಲ್ಲಿದ್ದಾರೆ ಅಂದುಕೊಳ್ಳುವಷ್ಟರಲ್ಲಿ ಕೇದಾರದಲ್ಲಿರುತ್ತಾರೆ, ಎಲ್ಲಿ ದಾಟಿದರು ಅಂತ ಗೊತ್ತೇ ಆಗುವುದಿಲ್ಲ. ಬೀಳಗಿಯವನು ಕಣ್ಣು ಮುಚ್ಚಿ ಕೇಳುತ್ತ ಕುಳಿತುಬಿಟ್ಟ. ಗುಂಡಿ 'ಟಕ್' ಅಂತ ಮೇಲೆ ಬಂದದ್ದು ಅವನಿಗೆ ಕೇಳಲೇ ಇಲ್ಲ. ಹತ್ತು ಸೆಕೆಂಡಲ್ಲ, ಒಂದೂವರೆ ನಿಮಿಷ ಹೋಯಿತು.

ಮರುದಿನ ಎರಡನ್ನೂ ಕೇಳಿದೆವು. ಅವನದು ಸ್ವಚ್ಛ. ನನ್ನದರಲ್ಲಿ ಇಡೀ ಮನೆಯೇ ಇತ್ತು. ಗೋಡೆ ಗಡಿಯಾರ, ಪಾತ್ರೆ, ಹೊರಗೆ ಟಾಂಗಾದ ಕುದುರೆ, ಅವ್ವನ ಮಾತು. ಎರಡನ್ನೂ ಕೂಡಿಸುವ ಯಂತ್ರ ನಮ್ಮ ಹತ್ತಿರ ಎಲ್ಲಿತ್ತು? ನನ್ನ ಕ್ಯಾಸೆಟ್ಟು ಟ್ರಂಕು ಸೇರಿತು. ಬೀಳಗಿಯದರಿಂದ ಗೋಕಾಕ ಒಂದು ಪ್ರತಿ ಮಾಡಿಕೊಂಡ, ಇಂಡಿ ಒಂದು, ನಾನೊಂದು. ಒಂದೂವರೆ ತಾಸಿನ ಹಾಡು ಪ್ರತಿ ಮಾಡಲು ಒಂದೂವರೆ ತಾಸೇ ಬೇಕಾಗುತ್ತಿತ್ತು. ಮಾಡುವವನು ಪಕ್ಕದಲ್ಲೇ ಕುಳಿತಿರಬೇಕು. ಹೀಗೆ ಕೊಟ್ಟವನೂ ತೆಗೆದುಕೊಂಡವನೂ ಕೂಡಿಯೇ ಇನ್ನೊಮ್ಮೆ ಕೇಳುತ್ತಿದ್ದರು. ಈಗ ನನ್ನ ಅಳಿಯ ಒಂದು ಹಾರ್ಡ್ ಡಿಸ್ಕಿನ ತುಂಬ ಹಾಡು ಕೊಟ್ಟಿದ್ದಾನೆ. ಪ್ರೀತಿಯಿಂದಲೇ ಕೊಟ್ಟ. ಅದರಲ್ಲಿ ನಾನು ಕೇಳಿದ್ದು ಇನ್ನೂ ನಲವತ್ತು ಐವತ್ತು ಇರಬಹುದು. ಕೂಡಿ ಕುಳಿತು ಕೇಳುವವರಿಲ್ಲದೆ ಹಾಡು ಕೈಗೆ ಬಂದರೂ ಕಿವಿಗೆ ಬರುವುದಿಲ್ಲ, ನನ್ನ ಮಟ್ಟಿಗಂತೂ.

ಲೇಬಲ್ ಬರೆಯುವ ಕೆಲಸ ಯಾವಾಗಲೂ ಇಂಡಿಯವನದೇ. ಅಕ್ಷರ ಮುತ್ತಿನ ಹಾಗೆ. ಮೇಲೆ ರಾಗ, ಕೆಳಗೆ ಹಾಡಿದವರ ಹೆಸರು, ಮೂಲೆಯಲ್ಲಿ ಯಾರ ಕ್ಯಾಸೆಟ್ಟು ಅಂತ.

ಕೊನೆಯ ವರ್ಷ ಒಮ್ಮೆ ತೊರವಿಗೆ ಹೋದೆವು, ಸೈಕಲ್ಲಿನಲ್ಲಿ. ಸಂಗೀತಕ್ಕೆ ಮನಸೋತ ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನವರಸಪುರ ಕಟ್ಟಲು ತೊಡಗಿದ ಜಾಗ ಅದು. ಪಾಳುಬಿದ್ದ ಸಂಗೀತ ಮಹಲಿನ ಕಮಾನಿನ ಕೆಳಗೆ ಟೂ-ಇನ್-ಒನ್ ಇಟ್ಟು ಆ ಬಸಂತಿ ಕೇದಾರ ಹಚ್ಚಿದೆವು. ಹಾಡು ತುಂಡಾಗುವ ಜಾಗ ಬಂದಾಗ ನಾಲ್ವರೂ ಉಸಿರು ಹಿಡಿದೆವು. ಅಷ್ಟು ಹೊತ್ತಿಗೆ ಆ ತುಂಡು ನಮಗೆ ಹಾಡಿನ ಭಾಗವೇ ಆಗಿಹೋಗಿತ್ತು.

ಆಮೇಲೆ ನೌಕರಿ, ಮದುವೆ, ಬೇರೆ ಬೇರೆ ಊರು. ಮನ್ಸೂರರು, ಕುಮಾರ ಗಂಧರ್ವರು ಇಬ್ಬರೂ 1992ರಲ್ಲೇ ಹೋದರು. ಆಲಮಟ್ಟಿಯ ಹಿನ್ನೀರು ಬಂದಾಗ ಬೀಳಗಿಯವನ ಮನೆಯವರು ಹಳೆಯ ಮನೆ ಬಿಡಬೇಕಾಯಿತು. ಈಗ ಅವನು ಬಾಗಲಕೋಟೆಯ ನವನಗರದಲ್ಲಿದ್ದಾನೆ. ಸಾಮಾನು ಸಾಗಿಸುವಾಗ ಕ್ಯಾಸೆಟ್ಟಿನ ಪೆಟ್ಟಿಗೆ ಒಂದು ಮಳೆಗಾಲವಿಡೀ ಹಸಿ ಗೋಡೆಯ ಪಕ್ಕ ಉಳಿಯಿತು. ಟೇಪಿನ ಮೇಲೆ ಬಿಳಿ ಬೂಸು.

ಹೋದ ದೀಪಾವಳಿಗೆ ಅವನ ಮನೆಯಲ್ಲಿ ನಾಲ್ವರೂ ಸೇರಿದೆವು. ಎಲ್ಲರೂ ನಿವೃತ್ತರು. ಪ್ರತಿಯೊಬ್ಬನೂ ತನ್ನ ಪೆಟ್ಟಿಗೆ ತಂದಿದ್ದ. ಮೂರು ದಿನ ಅದೇ ಕೆಲಸ. ಐದು ಸ್ಕ್ರೂ ಬಿಚ್ಚಿ, ಬೂಸು ಹಿಡಿದ ಟೇಪನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಮೆಲ್ಲಗೆ ಒರೆಸಿ, ಬೇರೆ ಒಳ್ಳೆಯ ಚಿಪ್ಪಿಗೆ ಹಾಕುವುದು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಚಿಕ್ಕ ಪ್ಯಾಡು ಬಿದ್ದಿದ್ದರೆ ಅಂಟಿಸುವುದು. ಸಡಿಲವಾದದ್ದನ್ನು ಪೆನ್ಸಿಲ್ಲಿನಿಂದ ಸುತ್ತುವುದು, ಅದು ಮಾತ್ರ ಆಗಿನ ಹಾಗೇ. ಆಮೇಲೆ ಡೆಕ್ಕಿನಿಂದ ವೈರು ಎಳೆದು ಕಂಪ್ಯೂಟರಿಗೆ. ಇಲ್ಲೂ 45 ನಿಮಿಷದ್ದಕ್ಕೆ 45 ನಿಮಿಷ. ಮತ್ತೆ ಪಕ್ಕದಲ್ಲಿ ಕುಳಿತೆವು. ಮನೆಯವರು ಮಿರ್ಚಿ ಭಜಿ, ಚುರುಮರಿ ತಂದಿಟ್ಟು ಹೋಗುತ್ತಿದ್ದರು.

ನನ್ನ ಪೆಟ್ಟಿಗೆಯ ತಳದಲ್ಲಿ ಆ ಟ್ರಂಕು ಸೇರಿದ್ದ ಕ್ಯಾಸೆಟ್ಟು ಸಿಕ್ಕಿತು. ಗೋಕಾಕನೇ ಮೊದಲು ಹೇಳಿದ: "ಲೇ, ಈಗ ಕೂಡಸಾಕ ಬರತೈತಲ್ಲ!"

ಬೀಳಗಿಯ ಮಗಳಿಗೆ ಕಂಪ್ಯೂಟರಿನಲ್ಲಿ ಈ ಕೆಲಸ ಬರುತ್ತದೆ. ಎರಡನ್ನೂ ಮೇಲೆ ಕೆಳಗೆ ಇಟ್ಟು ನೋಡಿದಾಗ ಶ್ರುತಿ ಹೊಂದಲಿಲ್ಲ. ಅವನದು ತುಸು ಮೇಲೆ, ನನ್ನದು ತುಸು ಕೆಳಗೆ. ಯಾಕೆಂದು ಇಂಡಿಯವನೇ ಹೇಳಿದ. ಅವತ್ತು ಸೆಲ್ ಸೊರಗುತ್ತ ಬಂದ ಹಾಗೆ ಬೀಳಗಿಯ ಮಷಿನ್ನು ನಿಧಾನವಾಗಿ ಓಡಿದೆ. ನಿಧಾನ ಓಡುತ್ತ ತುಂಬಿಸಿಕೊಂಡದ್ದನ್ನು ಸರಿಯಾದ ವೇಗದಲ್ಲಿ ಹಚ್ಚಿದರೆ ದನಿ ಏರುತ್ತದೆ. ನಾವು ನಲವತ್ತು ವರ್ಷ ಏರಿದ ಶ್ರುತಿಯ ಮನ್ಸೂರರನ್ನೇ ಕೇಳಿದ್ದೆವು.

"ಸರಿ ಮಾಡ್ಲಿ ಏನ್ರಿ ಕಾಕಾ?" ಅಂತ ಆ ಹುಡುಗಿ ಕೇಳಿದಳು. ಮೊದಲು ಹಾಗೇ ಕೂಡಿಸಿ ಕೇಳಿಸು ಅಂದೆವು.

ಸ್ವಚ್ಛ ದನಿಯಲ್ಲಿ ಮನ್ಸೂರರ ತಾನ ಏರುತ್ತ ಹೋಗುತ್ತದೆ. ತುಂಡಾಗುವ ಜಾಗ ಬಂತು. ನಾಲ್ವರೂ ಉಸಿರು ಹಿಡಿದೆವು. ಹಾಡು ನಿಲ್ಲಲಿಲ್ಲ. ಷಡ್ಜ ಒಂಚೂರು ಇಳಿಯಿತು, ಗಡಿಯಾರದ ಟಿಕ್ ಟಿಕ್ ಶುರುವಾಯಿತು. ಮನ್ಸೂರರು ಬಸಂತದಿಂದ ಕೇದಾರಕ್ಕೆ ದಾಟಿದ್ದು ಆ ಒಂದೂವರೆ ನಿಮಿಷದಲ್ಲೇ. ಅದರ ಹಿಂದೆ, ಅಡುಗೆಮನೆಯ ಕಡೆಯಿಂದ, 1998ರಲ್ಲಿ ತೀರಿಕೊಂಡ ನನ್ನ ಅವ್ವ ತಂಗಿಯರಿಗೆ ಪಿಸುದನಿಯಲ್ಲಿ ಹೇಳುತ್ತಿದ್ದಾಳೆ: "ಸಪ್ಪಳ ಮಾಡಬ್ಯಾಡ್ರೇ, ಅಂವ ಹಾಡು ತುಂಬಾಕತ್ತಾನ."

ಆ ಹುಡುಗಿ ಮೌಸ್ ಮೇಲಿಂದ ಕೈ ತೆಗೆದಳು. ಸರಿ ಮಾಡು ಅಂತ ಯಾರೂ ಹೇಳಲಿಲ್ಲ.

ನಾಲ್ಕು ಪೆನ್‌ಡ್ರೈವಿಗೆ ನಾಲ್ಕು ಪ್ರತಿ ಹಾಕಿದೆವು. ಇಂಡಿಯವನು ಒಂದೊಂದನ್ನೂ ಚಿಕ್ಕ ಲಕೋಟೆಯಲ್ಲಿಟ್ಟು ಅದೇ ಮುತ್ತಿನಂಥ ಅಕ್ಷರದಲ್ಲಿ ಮೇಲೆ ಬರೆದ: ಬಸಂತಿ ಕೇದಾರ. ಕೆಳಗೆ: ಮಲ್ಲಿಕಾರ್ಜುನ ಮನ್ಸೂರ. ಮೂಲೆಯಲ್ಲಿ: ನಡುವೆ ಅವ್ವ.