ಸ್ವಾನನೋವಾದ ಗಾಜಿನ ಜಾಡಿಗಳು

ಬೆಳಗಿನ ಜಾವ ನಾಲ್ಕಕ್ಕೆ ಅಮೆರಿಕದ ಉತ್ತರ ಕೆರೊಲಿನಾದ ನಮ್ಮೂರು ಕ್ಯಾರಿಯಿಂದ, ಅದೇ ರಾಜ್ಯದ ಪಶ್ಚಿಮದ ಬೆಟ್ಟದೂರು ಸ್ವಾನನೋವಾಕ್ಕೆ ಹೊರಟೆವು. ನಾವು ನಾಲ್ವರು, ಒಂದೇ ಬಡಾವಣೆಯ ಕನ್ನಡದವರು. ಡಿಕ್ಕಿಯಲ್ಲಿ ಗಮ್‌ಬೂಟು, ದಪ್ಪ ಗ್ಲೌಸು, ಮಾಸ್ಕು, ಸುತ್ತಿಗೆ, ಹಾರೆ, ಕ್ಯಾನುಗಟ್ಟಲೆ ಕುಡಿಯುವ ನೀರು, ಎರಡು ಡಬ್ಬಿ ಪುಳಿಯೋಗರೆ. ಪ್ರವಾಹಕ್ಕೆ ಸಿಕ್ಕ ಮನೆಗಳನ್ನು ಶುಚಿ ಮಾಡಿಕೊಡಲು ನಾವು ಸೇರಿಕೊಂಡಿದ್ದ ಚರ್ಚ್ ತಂಡದವರು ಮೊದಲೇ ಹೇಳಿದ್ದರು: ನಿಮ್ಮ ಊಟ, ನೀರು ನೀವೇ ತನ್ನಿ, ಅಲ್ಲಿಯವರ ಪಾಲಿನದನ್ನು ಮುಟ್ಟಬೇಡಿ ಅಂತ. ಅವತ್ತು 2024ರ ನವೆಂಬರ್ 9, ಶನಿವಾರ. ಹೆಲೀನ್ ಚಂಡಮಾರುತ ಬಂದು ಹೋಗಿ ಆರು ವಾರ ಆಗಿತ್ತು.

ಐ-40 ಹೆದ್ದಾರಿ ಓಲ್ಡ್ ಫೋರ್ಟ್ ದಾಟಿದ ಮೇಲೆ ಘಟ್ಟ ಹತ್ತುತ್ತದೆ. ಪ್ರತಿ ಅಕ್ಟೋಬರಿನಲ್ಲೂ ಎಲೆಗಳ ಬಣ್ಣ ನೋಡಲು ಮಕ್ಕಳನ್ನು ಕರೆದುಕೊಂಡು ಇದೇ ದಾರಿಯಲ್ಲಿ ಹೋಗುತ್ತಿದ್ದೆವು. ಈ ಸಲ ಗುಡ್ಡದ ಮೈಮೇಲೆ ಅಲ್ಲಲ್ಲಿ ಕೆಂಪು ಗಾಯದ ಹಾಗೆ ಮಣ್ಣು ಕಾಣುತ್ತಿತ್ತು. ನೋಡಿದ ಕೂಡಲೇ ನನಗೆ 2018ರ ಆಗಸ್ಟಿನ ಕೊಡಗು ನೆನಪಾಯಿತು. ಮಡಿಕೇರಿ ಹತ್ತಿರದ ನಮ್ಮ ಚಿಕ್ಕಮ್ಮನ ಮನೆಗೂ ಆಗ ಗುಡ್ಡದ ಮಣ್ಣು ನುಗ್ಗಿತ್ತು. ನಾನು ಇಲ್ಲಿಂದ ದುಡ್ಡು ಕಳಿಸಿದ್ದೆ, ಅಷ್ಟೇ. ಆಮೇಲೆ ಫೋನಿನಲ್ಲಿ ಚಿಕ್ಕಮ್ಮ ಹೇಳಿದ್ದರು: "ಯಾರ್ಯಾರೋ ಬಂದು ಮನೆ ಖಾಲಿ ಮಾಡಿಕೊಟ್ರು ಕಣೇ. ಒಳ್ಳೆಯವರೇ ಪಾಪ. ಆದ್ರೆ ಏನು ಬಿಸಾಡ್ಲಿ, ಏನು ಇಡ್ಲಿ ಅಂತ ನನ್ನ ಒಂದು ಮಾತು ಕೇಳ್ಲಿಲ್ಲ." ಆ ಮಾತು ಮನಸ್ಸಿನಲ್ಲಿ ಹಾಗೇ ಕೂತಿತ್ತು.

ಸಮುದ್ರದಿಂದ ಇಷ್ಟು ದೂರದ ಬೆಟ್ಟದೂರಿಗೆ ಚಂಡಮಾರುತ ಎಂಥದ್ದು ಅನ್ನಿಸಬಹುದು. ಇಲ್ಲಿಯವರಿಗೂ ಹಾಗೇ ಅನ್ನಿಸಿತ್ತು. ಹೆಲೀನ್ ಫ್ಲಾರಿಡಾದ ಕರಾವಳಿಗೆ ಅಪ್ಪಳಿಸಿದ್ದು ಸೆಪ್ಟೆಂಬರ್ 26ರ ರಾತ್ರಿ. ಆದರೆ ಅದಕ್ಕೂ ಮೊದಲೇ ಈ ಬೆಟ್ಟಗಳಲ್ಲಿ ಬೇರೆ ಮಳೆ ಸುರಿದು ನೆಲ ನೆನೆದು ಹೋಗಿತ್ತು. ಅದರ ಮೇಲೆ ಚಂಡಮಾರುತದ ಮಳೆ ಬಿತ್ತು. ಯಾನ್ಸಿ ಕೌಂಟಿಯ ಬ್ಯೂಸಿಕ್‌ನಲ್ಲಿ ಕೆಲವೇ ದಿನದಲ್ಲಿ 30 ಇಂಚಿಗೂ ಜಾಸ್ತಿ. ಕಣಿವೆ ಕಿರಿದು, ನೀರಿಗೆ ಹರಡಿಕೊಳ್ಳಲು ಜಾಗವಿಲ್ಲ. ಸ್ವಾನನೋವಾ ಪಕ್ಕದ ನಗರ ಆಶ್‌ವಿಲ್‌ನಲ್ಲಿ ಫ್ರೆಂಚ್ ಬ್ರಾಡ್ ನದಿ 24 ಅಡಿ ದಾಟಿ 1916ರ ಮಹಾ ಪ್ರವಾಹದ ಗುರುತನ್ನೂ ಮುಳುಗಿಸಿತು. ಉತ್ತರ ಕೆರೊಲಿನಾದಲ್ಲೇ 100ಕ್ಕೂ ಹೆಚ್ಚು ಜನ ಸತ್ತರು. ಪ್ರವಾಹದ ವಿಮೆ ಮಾಡಿಸಿದವರು ಬೆರಳೆಣಿಕೆಯಷ್ಟು. ಬೆಟ್ಟದ ಮೇಲೆ ಇರುವವರು ಯಾಕೆ ಮಾಡಿಸುತ್ತಾರೆ, ಅಲ್ವಾ?

ಸ್ವಾನನೋವಾ ತಲುಪಿದಾಗ ಎಂಟು ಗಂಟೆ. ಅದೇ ಹೆಸರಿನ ಹೊಳೆ ಪಕ್ಕದಲ್ಲೇ ಸಣ್ಣಗೆ, ತಿಳಿಯಾಗಿ ಹರಿಯುತ್ತಿತ್ತು. ಅದರ ದಡದ ಮರಗಳಲ್ಲಿ, ನನ್ನ ತಲೆಗಿಂತ ಎಷ್ಟೋ ಮೇಲೆ, ಬಟ್ಟೆ, ಪ್ಲಾಸ್ಟಿಕ್, ಒಂದು ಮಗುವಿನ ಹಾಸಿಗೆ ಸಿಕ್ಕಿಕೊಂಡಿದ್ದವು. ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಬೇರೆ ಯಾರೂ ಹೇಳಬೇಕಿರಲಿಲ್ಲ. ಅಕ್ಟೋಬರ್ ಪೂರ್ತಿ ಮಳೆ ಇರಲಿಲ್ಲ, ಹಾಗಾಗಿ ಕೆಸರೆಲ್ಲ ಒಣಗಿ ಪುಡಿಯಾಗಿತ್ತು. ಒಂದು ಲಾರಿ ಹೋದರೆ ಸಾಕು, ರಸ್ತೆಯೇ ಕಾಣದ ಹಾಗೆ ಧೂಳು. ಅದರಲ್ಲಿ ಚರಂಡಿ ನೀರು, ಡೀಸೆಲ್ ಎಲ್ಲ ಬೆರೆತಿತ್ತು. ಮಾಸ್ಕ್ ತೆಗೆಯಲೇಬೇಡಿ ಎಂದಿದ್ದರು.

ನಮಗೆ ಸಿಕ್ಕಿದ್ದು ಒಬ್ಬ ಅಜ್ಜಿಯ ಮನೆ. ವಯಸ್ಸು 78. ಎದುರಿಗೆ ನಾವು ಮ್ಯಾಮ್ ಅನ್ನುತ್ತಿದ್ದೆವು, ನಮ್ಮೊಳಗೆ ಅಜ್ಜಿ. ಪ್ರವಾಹ ಬಂದ ದಿನ ಮುಂಜಾನೆ ಪಕ್ಕದ ಮನೆಯ ಹುಡುಗ ಬಂದು ಎತ್ತಿಕೊಂಡೇ ಟ್ರಕ್ಕಿಗೆ ಹಾಕಿದನಂತೆ. ಆಗ ಮಗಳ ಮನೆಯಲ್ಲಿದ್ದರು. ದಿನಾ ಬೆಳಿಗ್ಗೆ ಇಲ್ಲಿಗೆ ಬಂದು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

ಈ ಕೆಲಸಕ್ಕೆ ಅಲ್ಲಿ 'ಮಡ್ ಔಟ್' ಅನ್ನುತ್ತಾರೆ. ಮೊದಲು ಕೆಸರು ಮತ್ತು ಸಾಮಾನು ಹೊರಗೆ. ಆಮೇಲೆ ಗೋಡೆ. ಇಲ್ಲಿಯ ಗೋಡೆ ಇಟ್ಟಿಗೆಯದಲ್ಲ. ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದಿರುತ್ತಾರೆ, ನಡುವೆ ಹತ್ತಿಯಂಥ ಗ್ಲಾಸ್‌ಫೈಬರ್ ತುಂಬಿರುತ್ತಾರೆ. ಅದು ನೀರು ಕುಡಿದರೆ ಒಳಗೇ ಬೂಸ್ಟು. ನೆಲದಿಂದ ಸರಿಯಾಗಿ ನಾಲ್ಕು ಅಡಿಗೆ ಗೆರೆ ಎಳೆದು ಕತ್ತರಿಸುತ್ತಾರೆ, ಏಕೆಂದರೆ ಹೊಸ ಹಲಗೆಯ ಅಗಲ ನಾಲ್ಕು ಅಡಿ. ಅಡ್ಡಡ್ಡ ಕೂರಿಸಿದರೆ ಸರಿಹೋಗುತ್ತದೆ. ಮರದಲ್ಲಿ ಉಳಿದ ಒಂದೊಂದು ಮೊಳೆಯನ್ನೂ ಕೀಳಬೇಕು, ಬ್ರಷ್ಷಿನಿಂದ ಉಜ್ಜಬೇಕು, ಔಷಧಿ ಹೊಡೆಯಬೇಕು. ನಾನು ಮಧ್ಯಾಹ್ನದವರೆಗೆ ಮೊಳೆ ಕಿತ್ತೆ. ಯಾರೂ ಫೋಟೋ ತೆಗೆಯುವಂಥ ಕೆಲಸ ಅಲ್ಲ. ಅದು ಆಗದೆ ಬಡಗಿ ಒಳಗೆ ಕಾಲಿಡುವಂತಿಲ್ಲ.

ಊಟ ಆದ ಮೇಲೆ ಅಡುಗೆಮನೆಯ ಹಿಂದಿನ ಕೋಣೆಗೆ ಹೋದೆ. ಕಪಾಟಿನ ತುಂಬ ಗಾಜಿನ ಜಾಡಿಗಳು. ಮೇಲೆಲ್ಲ ಕೆಸರು ಮೆತ್ತಿ ಒಣಗಿತ್ತು. ಕಸ ಎಂದುಕೊಂಡು ಆರೇಳನ್ನು ಕೈಗಾಡಿಗೆ ಹಾಕಿ ಹೊರಗೆ ತಳ್ಳಿಕೊಂಡು ಬಂದೆ. ಅಜ್ಜಿ ಕುರ್ಚಿಯಿಂದ ಎದ್ದು ನಿಂತರು. "ಅದನ್ನ ಇಲ್ಲಿ ತನ್ನಿ" ಎಂದರು. ಕೋಪ ಇರಲಿಲ್ಲ. ನನಗೆ ಮಾತ್ರ ಚಿಕ್ಕಮ್ಮನ ದನಿ ಕೇಳಿದ ಹಾಗಾಯಿತು. ಅಷ್ಟು ದೂರದಿಂದ ಬಂದು ನಾನೂ ಅದನ್ನೇ ಮಾಡಿದ್ದೆ.

ಒಂದು ಜಾಡಿಯನ್ನು ಒರೆಸಿದರು. ಒಳಗೆ ಹಸಿರು ಬೀನ್ಸು, ನಿನ್ನೆ ತುಂಬಿಟ್ಟ ಹಾಗೆ. ಇನ್ನೊಂದರಲ್ಲಿ ಪೀಚ್ ಹಣ್ಣು. ಜುಲೈನಲ್ಲಿ ಕೂತು ಕತ್ತರಿಸಿ, ಕುದಿಸಿ, ಚಳಿಗಾಲಕ್ಕೆ ಅಂತ ಮಾಡಿಟ್ಟಿದ್ದು. ನಮ್ಮಲ್ಲಿ ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಮಿಡಿ ಉಪ್ಪಿನಕಾಯಿ ಹಾಕುತ್ತಾರಲ್ಲ, ಹಾಗೆ. ನೋಡಲು ಚೆನ್ನಾಗಿದ್ದರೂ ತಿನ್ನುವ ಹಾಗಿಲ್ಲ. ಪ್ರವಾಹದ ನೀರು ಮುಚ್ಚಳದ ಅಂಚಿನಲ್ಲಿ ಒಳಗಿಳಿದಿರಬಹುದು. ತಂಡದ ಮುಖ್ಯಸ್ಥರು, ನಿವೃತ್ತ ಬಡಗಿ, ಅಜ್ಜಿಯ ಪಕ್ಕ ಮಂಡಿಯೂರಿ ಕೂತು ನಿಧಾನವಾಗಿ ಅದನ್ನು ಹೇಳಿದರು. ಅಜ್ಜಿ ಸುಮ್ನೆ ತಲೆಯಾಡಿಸಿದರು. "ಗೊತ್ತು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಬೀನ್ಸು ಹೋಗಲಿ. ಜಾಡಿ ನಮ್ಮಮ್ಮನದು."

ಅವತ್ತಿನ ಉಳಿದ ಹೊತ್ತು ನಾವಿಬ್ಬರು ಹೆಂಗಸರು ಮಾಡಿದ್ದು ಅದೊಂದೇ ಕೆಲಸ. ಊರಿನ ನಲ್ಲಿ ನೀರು ಇನ್ನೂ ಕುಡಿಯುವಂತಿರಲಿಲ್ಲ. ಪೈಪುಗಳು ಕೊಚ್ಚಿಹೋಗಿ, ಜಲಾಶಯದ ನೀರು ಕೆಸರಾಗಿ, ಆಶ್‌ವಿಲ್ ಕಡೆಯವರು 50ಕ್ಕೂ ಹೆಚ್ಚು ದಿನ ಬಾಟಲಿ ನೀರಿನಲ್ಲೇ ಕಳೆದರು. ನಲ್ಲಿ ನೀರು ಕುಡಿಯಬಹುದು ಎಂದು ಹೇಳಿದ್ದು ನವೆಂಬರ್ 18ಕ್ಕೆ. ನಾವು ತಂದಿದ್ದ ಕ್ಯಾನುಗಳನ್ನೇ ಬಕೆಟ್ಟಿಗೆ ಸುರಿದು ಸೋಪು ಕದಡಿದೆವು. ಒಂದೊಂದೇ ಜಾಡಿ ಬಿಚ್ಚಿ, ಖಾಲಿ ಮಾಡಿ, ಉಜ್ಜಿ, ಬ್ಲೀಚ್ ನೀರಿನಲ್ಲಿ ಅದ್ದಿ, ಹಲಗೆಯ ಮೇಲೆ ಬೋರಲು ಹಾಕಿದೆವು.

ಸಂಜೆ ಬಿಸಿಲಿಗೆ ಅಜ್ಜಿ ಒಂದೊಂದನ್ನೂ ಎತ್ತಿ ಹಿಡಿದು, ಬಾಯಿ ಒಡೆದಿದೆಯಾ ಅಂತ ಸುತ್ತಲೂ ಬೆರಳಿನಿಂದ ಸವರಿ ನೋಡಿದರು. 64ರಲ್ಲಿ 57 ಗಟ್ಟಿಯಾಗಿದ್ದವು. ಮುಚ್ಚಳಗಳು ಮಾತ್ರ ಎಲ್ಲವೂ ಹಾಳು ಎಂದು ನಾನು ಹೇಳಿದೆ.

"ಮುಚ್ಚಳ ಹೇಗೂ ಪ್ರತಿ ವರ್ಷ ಹೊಸದೇ ತರಬೇಕು ಮಗಳೇ" ಎಂದು ಇನ್ನೊಂದು ಜಾಡಿ ಎತ್ತಿಕೊಂಡರು.