ಫಾದರ್ ಎಣ್ಣೆ ಹಚ್ಚಿದರೆ ಮನುಷ್ಯ ಉಳಿಯೋದಿಲ್ವಾ?

"ಅಲ್ಲರೀ, ನಿಮ್ಮ ಫಾದರ್ ಬಂದು ಎಣ್ಣಿ ಹಚ್ಚಿದ್ರ ಮನುಷ್ಯಾ ಉಳಿಯಂಗಿಲ್ಲಂತ, ಖರೇನಾ?"

ಬಳ್ಳಾರಿಯ ಕಥೋಲಿಕರ ಮನೆಯಲ್ಲಿ ಹುಟ್ಟಿದ ಮೇಲೆ ಈ ಪ್ರಶ್ನೆ ತಪ್ಪಿದ್ದಲ್ಲ. ಚಹಾ ಅಂಗಡಿಯಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ. ಕೆಲವರು ದನಿ ತಗ್ಗಿಸಿ, "ಸಾಯೋ ಹೊತ್ತಿನ ಪ್ರಾರ್ಥನೆ ಬೇರೇನೇ ಇರುತ್ತಂತಲ್ಲ, ಏನದು?" ಅನ್ನುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಓದಿಕೊಳ್ಳಿ.

ಗುಟ್ಟು ಏನೂ ಇಲ್ಲ. ಯೇಸುವಿನ ತಾಯಿ ಮರಿಯಮ್ಮನಿಗೆ ಹೇಳುವ, ಯುಕೆಜಿ ಮಗುವಿಗೂ ಬಾಯಿಪಾಠ ಇರುವ 'ನಮೋ ಮರಿಯ'ವೇ ನಮ್ಮ ಸಾವಿನ ಪ್ರಾರ್ಥನೆ. ಈಗಲೂ ಮರಣದ ಹೊತ್ತಿನಲ್ಲೂ ನಮಗಾಗಿ ಪ್ರಾರ್ಥಿಸಮ್ಮಾ ಅಂತ ಅದರ ಕೊನೆಯಲ್ಲಿ ಕೇಳಿಕೊಳ್ಳುತ್ತೇವೆ. ಒಂದು ಸುತ್ತು ಜಪಮಾಲೆಯಲ್ಲಿ ಅದು 53 ಸಲ ಬರುತ್ತದೆ. ಅಂದರೆ ಧಾರಾವಾಹಿ ಶುರುವಾಗುವ ಮುಂಚೆ 53 ಸಲ ನಮ್ಮ ಸಾವನ್ನು ನಾವೇ ನೆನೆದು, ಆಮೇಲೆ ಅನ್ನಕ್ಕಿಡುತ್ತೇವೆ.

ಸಿರುಗುಪ್ಪ ರಸ್ತೆಯಲ್ಲಿ ಭತ್ತದ ಲಾರಿ ಎದುರಿಗೆ ನುಗ್ಗಿದಾಗ ಅದೂ ನೆನಪಾಗೋದಿಲ್ಲ. "ಯೇಸುವೇ!" ಅಷ್ಟೇ. ಸ್ವಲ್ಪ ಪುರಸೊತ್ತು ಸಿಕ್ಕರೆ "ಯೇಸು, ಮರಿಯ, ಜೋಸೆಫ್". ಸಂತ ಜೋಸೆಫರು ಹೆಂಡತಿ, ಮಗ ಇಬ್ಬರೂ ಪಕ್ಕದಲ್ಲಿದ್ದಾಗ ಕಣ್ಣು ಮುಚ್ಚಿದರು ಅಂತ ನಂಬಿಕೆ. ಅದಕ್ಕೇ ಒಳ್ಳೆಯ ಸಾವಿಗೆ ಅವರೇ ಪಾಲಕರು.

ಇನ್ನು ಎಣ್ಣೆ. ನಮ್ಮ ಸೋದರಮಾವನಿಗೆ ಎದೆನೋವು ಬಂದು ಆಸ್ಪತ್ರೆ ಸೇರಿದಾಗ ಫಾದರ್ ವಾರ್ಡಿಗೇ ಬಂದರು. ಜೇಬಿನಲ್ಲಿ ಪುಟ್ಟ ಡಬ್ಬಿ, ಒಳಗೆ ಎಣ್ಣೆಯಲ್ಲಿ ನೆನೆದ ಹತ್ತಿ. ಹೆಬ್ಬೆರಳು ಒತ್ತಿ ಹಣೆಗೆ ಶಿಲುಬೆ ಗುರುತು ಹಾಕಿದರು, ಆಮೇಲೆ ಅಂಗೈಗಳಿಗೆ. ಬೆರಳಿಗೆ ಕ್ಲಿಪ್ ಸಿಕ್ಕಿಸಿದ್ದರಿಂದ ಬಲಗೈ ತಿರುಗಿಸೋಕೆ ನರ್ಸ್ ಬರಬೇಕಾಯಿತು. ಪಕ್ಕದ ಮಂಚದ ಕಡೆಯ ಹೆಂಗಸು ನಮ್ಮ ಅತ್ತೆಯ ಹೆಗಲು ಹಿಡಿದು, "ಧೈರ್ಯ ತಗೋರಿ ಅಕ್ಕಾ, ಮನಿಗೆ ಕರಕೊಂಡು ಹೋಗಿಬಿಡ್ರಿ" ಅಂದಳು. ಮಾವ ಕಣ್ಣು ಬಿಟ್ಟು, "ಯಾಕವ್ವಾ? ಬಿಲ್ ನೀ ಕಟ್ಟೀಯೇನು?" ಅಂದರು. ಈಗಲೂ ಭಾನುವಾರ ಪೂಜೆ ಮುಗಿಸಿ ಒಗ್ಗರಣೆ ಮಿರ್ಚಿ ತಿಂದೇ ಮನೆಗೆ ಬರುತ್ತಾರೆ. ಡಾಕ್ಟರ್ ಬೇಡ ಅಂದಿದ್ದಾರೆ, ಅದು ಬೇರೆ ಮಾತು.

ಅದು ರೋಗಿಗಳಿಗೆ ಕೊಡುವ ಸಂಸ್ಕಾರ. ಕಾಯಿಲೆ ಬಿದ್ದವರು ಸಭೆಯ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿಸಿಕೊಳ್ಳಲಿ ಅಂತ ಬೈಬಲಿನ ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲೇ ಇದೆ. ನಡುವೆ ಬಹಳ ಕಾಲ ಇದನ್ನು ಸಾಯುವ ಗಳಿಗೆಗೇ ಮೀಸಲಿಟ್ಟ ಹಾಗೆ ನಡೆಸಿದರು. ಭಯ ಹುಟ್ಟಿದ್ದು ಅಲ್ಲೇ. ಸಾಯುವವರಿಗೆ ಮಾತ್ರ ಅಲ್ಲ ಅಂತ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ಸ್ಪಷ್ಟ ಮಾಡಿತು. 1972ರಲ್ಲಿ ಪೋಪ್ ಆರನೇ ಪೌಲರು ವಿಧಿಯನ್ನೂ ತಿದ್ದಿದರು. ಆಲಿವ್ ಎಣ್ಣೆ ಸಿಗದ ಕಡೆ ಬೇರೆ ಸಸ್ಯದ ಎಣ್ಣೆಯೂ ಆಗುತ್ತೆ ಅಂದರು. ಲೆಕ್ಕಕ್ಕೆ ನಮ್ಮ ಶೇಂಗಾ ಎಣ್ಣೆಗೂ ಅಡ್ಡಿಯಿಲ್ಲ.

ನಿಜ ಹೇಳಬೇಕೆಂದರೆ, ಬೇರೆಯವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ನಮ್ಮವರೂ ಹೀಗೇ ಹೆದರುತ್ತಾರೆ. ಆದಿಲ್ ಶಾಹಿ ಕಾಲದಿಂದ ಕ್ರೈಸ್ತರಿರುವ ಮುದಗಲ್ಲಿನ ನೆಂಟರೂ ಅಷ್ಟೇ. "ಫಾದರನ್ನ ನೋಡಿದ್ರೆ ಅಪ್ಪ ಗಾಬರಿಯಾಗ್ತಾರೆ" ಅಂತ ಕಾಯುತ್ತಾರೆ. ವೆಂಟಿಲೇಟರ್ ಹಾಕಿದ ಮೇಲೆ ಫೋನು. ಆಗ ಮಾಡಿದ ಪಾಪ ಫಾದರಿಗೆ ಹೇಳಿಕೊಳ್ಳುವ ಪಾಪನಿವೇದನೆಗೆ ಮಾತು ಹೊರಡೋದಿಲ್ಲ. ಯೇಸುವಿನ ದೇಹ ಅಂತ ನಾವು ಸ್ವೀಕರಿಸುವ ರೊಟ್ಟಿ, ಪರಮಪ್ರಸಾದ, ಗಂಟಲಲ್ಲಿ ಇಳಿಯೋದಿಲ್ಲ. ಹೊರಟವರಿಗೆ ದಾರಿಬುತ್ತಿ ಅಂತ ಕೊಡೋದು ಆ ಪರಮಪ್ರಸಾದವನ್ನೇ, ಎಣ್ಣೆಯನ್ನಲ್ಲ. ಬೇಕಾದದ್ದೇ ತಪ್ಪಿಹೋಗುತ್ತೆ.

"ಫಾದರನ್ನ ಯಾವಾಗ ಕರೀಬೇಕು?" ಅಂತ ಒಬ್ಬರಾದರೂ ಕೇಳಬಾರದಾ? ಕಾಯಿಲೆ ಜೋರಾಗಿ ದೊಡ್ಡ ಆಪರೇಷನ್ ಅಂದಾಗ, ಅದಕ್ಕೆ ಮುಂಚೆ ಕರೀರಿ. ವಯಸ್ಸಾಗಿ ತೀರಾ ನಿತ್ರಾಣವಾದರೆ ಕರೀರಿ. ವಾಸಿಯಾಗಿ ಮತ್ತೆ ಮಲಗಿದರೆ ಮತ್ತೆ ಕರೀರಿ, ಒಂದೇ ಸಲ ಅಂತ ನಿಯಮ ಇಲ್ಲ. ಅವರು ಬರುವ ತನಕ ಕಾರಿಡಾರಿನಲ್ಲಿ ಅಳುತ್ತಾ ನಿಲ್ಲಬೇಡಿ. ಒಳಗೆ ಕೂತು ಜಪಮಾಲೆ ಶುರು ಮಾಡಿ. ಜೀವ ಹೋದ ಮೇಲೆ ಎಣ್ಣೆ ಹಚ್ಚೋದಿಲ್ಲ, ಆಗ ಸತ್ತವರ ಪ್ರಾರ್ಥನೆ ಮಾತ್ರ. ಆಮೇಲೆ ಫಾದರ್ ಜೊತೆ ಜಗಳ ಆಡಬೇಡಿ.

ಚರ್ಚಿನ ಫೋನ್ ನಂಬರನ್ನು ಫ್ರಿಜ್ ಮೇಲೆ ಅಂಟಿಸಿ, ಗ್ಯಾಸ್ ಏಜೆನ್ಸಿ ನಂಬರ್ ಪಕ್ಕದಲ್ಲೇ. ನಡುರಾತ್ರಿ ಮಾಡಿದರೆ ಗೊಣಗಬಹುದು, ಗೊಣಗಲಿ. ಬರುತ್ತಾರೆ.