ದೊಡ್ಡದೊಂದು, ಚಿಕ್ಕದೊಂದು

ಮುಂಬಯಿಯ ಮಾಟುಂಗಾದ ನಮ್ಮ ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಬಹುಕಾಲದಿಂದ ಒಂಟಿಯಾಗಿದ್ದ ಒಸೆಲ್ಯಾರಿಸ್ ಕ್ಲೌನ್ ಮೀನಿಗೆ ಜೊತೆಯೊಂದನ್ನು ತರುವುದೆಂದು ನಿಶ್ಚಯವಾದಾಗ, ಗಂಡು ತರಬೇಕೇ ಹೆಣ್ಣು ತರಬೇಕೇ ಎಂಬ ಪ್ರಶ್ನೆ ನನಗೆ ಏಳಲಿಲ್ಲ. ಎಷ್ಟು ಚಿಕ್ಕದನ್ನು ತರಬೇಕು ಎಂಬುದೊಂದೇ ಯೋಚನೆಯಾಗಿತ್ತು. ಕ್ಲೌನ್ ಮೀನುಗಳು ಮೊದಲು ಗಂಡಾಗಿಯೇ ಬಲಿಯುತ್ತವೆ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಅದರ ನಂತರದ ಗಾತ್ರದ್ದು ಅದಕ್ಕೆ ಗಂಡಾಗಿರುತ್ತದೆ, ಉಳಿದವು ಸಂತಾನ ಪಡೆಯುವ ಸರದಿಗೆ ಕಾಯುತ್ತವೆ. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗಿ ಬದಲಾಗುತ್ತದೆಂಬುದನ್ನು ಹಾನ್ಸ್ ಫ್ರಿಕೆ ಮತ್ತು ಸಿಮೋನ್ ಫ್ರಿಕೆ 1977ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದ್ದರು. ಒಮ್ಮೆ ಹೆಣ್ಣಾದದ್ದು ಮರಳಿ ಗಂಡಾಗುವುದಿಲ್ಲ. ಹೀಗಾಗಿ ಎರಡು ಹೆಣ್ಣುಗಳನ್ನು ಒಂದೇ ತೊಟ್ಟಿಗೆ ಬಿಟ್ಟರೆ ಅವುಗಳಲ್ಲೊಂದು ಉಳಿಯುವುದು ಕಷ್ಟ. ನಮ್ಮ ಮೀನು ಒಂಟಿಯಾಗಿ ಬೆಳೆದು ಬಹುಶಃ ಆಗಲೇ ಹೆಣ್ಣಾಗಿದ್ದಿರಬಹುದು. ಆದ್ದರಿಂದ ಇನ್ನೂ ಬಲಿಯದ ಮರಿಯೇ ಬೇಕಾಗಿತ್ತು.

ಲೋಕಲ್ ರೈಲಿನಲ್ಲಿ ನೂಕುನುಗ್ಗಲಿಲ್ಲದ ಹೊತ್ತು ನೋಡಿಕೊಂಡು ಕ್ರಾಫರ್ಡ್ ಮಾರ್ಕೆಟ್ಟಿಗೆ ಹೋದೆ. ಅಲ್ಲಿಯ ಅಂಗಡಿಯೊಂದರಲ್ಲಿ ಕೆಲಸಕ್ಕಿರುವ ಕುಂದಾಪುರದ ಹುಡುಗ ಕನ್ನಡದಲ್ಲಿಯೇ ಮಾತಾಡುತ್ತಾನೆ. ಕಡುಗೆಂಪು ಬಣ್ಣದ ಮರೂನ್ ಕ್ಲೌನ್ ಒಂದು ಅಲ್ಲಿ ಮನಸೆಳೆಯುವಂತಿತ್ತು. ಅದನ್ನೇ ದಿಟ್ಟಿಸುತ್ತಿದ್ದ ನನಗೆ ಅವನು, “ಸಾರ್, ಅದು ನಿಮ್ಮದರ ಜೊತೆ ಬೇಡ, ಕೊಂದೇ ಹಾಕುತ್ತದೆ” ಎಂದ. ಮರೂನ್ ಜಾತಿ ಅತ್ಯಂತ ಜಗಳಗಂಟಿ ಎಂಬುದು ನಿಜ, ಮತ್ತು ಬೇರೆ ಬೇರೆ ಜಾತಿಯ ಕ್ಲೌನ್‌ಗಳನ್ನು ಸಣ್ಣ ತೊಟ್ಟಿಯಲ್ಲಿ ಕೂಡಿಹಾಕುವುದನ್ನು ನಾನು ಒಪ್ಪುವುದೂ ಇಲ್ಲ. ನಮ್ಮ ಮೀನಿನ ಅರ್ಧದಷ್ಟೂ ಇಲ್ಲದ ಒಸೆಲ್ಯಾರಿಸ್ ಮರಿಯನ್ನೇ ಆರಿಸಿಕೊಂಡೆ. ಅದು ಸಮುದ್ರದಲ್ಲಿ ಹಿಡಿದದ್ದಲ್ಲ, ತೊಟ್ಟಿಯಲ್ಲಿಯೇ ಹುಟ್ಟಿದ್ದು ಎಂಬುದನ್ನು ಕೇಳಿ ಖಚಿತಪಡಿಸಿಕೊಂಡೆ. ಕ್ಲೌನ್ ಮೀನಿನ ಮರಿ ಮಾಡಿಸುವ ವಿದ್ಯೆಯನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಢಿಗೆ ತಂದಿರುವಾಗ, ಹವಳದ ದಿಬ್ಬಗಳಿಂದ ಮೀನು ಕೀಳಿಸುವ ಅಗತ್ಯ ನನಗೆ ಕಾಣುವುದಿಲ್ಲ. ಅದೇ ಕಾರಣಕ್ಕೆ ನಮ್ಮ ತೊಟ್ಟಿಯಲ್ಲಿ ಹವಳವೂ ಇಲ್ಲ. ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಅಂದರೆ ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿವೆ. ಕಡಲಿನಲ್ಲಿ ಕ್ಲೌನ್ ಮೀನುಗಳಿಗೆ ಆಸರೆಯಾಗುವ ಸೀ ಅನಿಮೋನ್ ಎಂಬ ಜೀವಿ ಇಲ್ಲದೆಯೂ ಈ ಮೀನುಗಳು ತೊಟ್ಟಿಯಲ್ಲಿ ಸುಖವಾಗಿಯೇ ಬಾಳುತ್ತವೆ. ನಮ್ಮದು ರಾತ್ರಿ ಮಲಗುವುದು ಅಡ್ಡ ಇರಿಸಿದ ಒಂದು ಮಣ್ಣಿನ ಕುಡಿಕೆಯೊಳಗೆ.

ಮುಂಬಯಿಯ ಕಡಲು ಕೈಗೆಟುಕುವಷ್ಟು ಹತ್ತಿರವಿದ್ದರೂ ದಾದರ್ ಚೌಪಾಟಿಯ ಮಲಿನ ನೀರನ್ನು ತೊಟ್ಟಿಗೆ ಸುರಿಯುವಂತಿಲ್ಲ. ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪು ಬೆರೆಸಿ, ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿ, ಉಷ್ಣತೆ 26 ಡಿಗ್ರಿಯಲ್ಲಿ ನಿಲ್ಲುವಂತೆ ನೋಡಿಕೊಳ್ಳುತ್ತೇನೆ. ಮರಿಯ ಚೀಲವನ್ನು ನೀರಿನ ಮೇಲೆ ತೇಲಬಿಟ್ಟು, ಆಮೇಲೆ ಸಣ್ಣ ಕೊಳವೆಯಿಂದ ತೊಟ್ಟಿಯ ನೀರನ್ನು ಹನಿಹನಿಯಾಗಿ ಸೇರಿಸುತ್ತ ಹೊಂದಿಸಿ, ತೂತುಗಳಿರುವ ಅಕ್ರಿಲಿಕ್ ಡಬ್ಬಿಯೊಳಗೆ ಇರಿಸಿ ಆ ಡಬ್ಬಿಯನ್ನು ತೊಟ್ಟಿಗೇ ಇಳಿಸಿದೆ. ಒಂದನ್ನೊಂದು ನೋಡಬೇಕು, ಕಚ್ಚಬಾರದು ಎಂಬುದು ಅದರ ಉದ್ದೇಶ. ಕೆಲವು ದಿನಗಳಲ್ಲಿ ದೊಡ್ಡದು ಡಬ್ಬಿಗೆ ಮೂತಿ ಹಾಯಿಸುವುದನ್ನು ಕಡಿಮೆ ಮಾಡಿತು. ಆಗ ಬಂಡೆಗಳ ಸ್ಥಾನ ಬದಲಿಸಿದೆ. ಕುಡಿಕೆಯನ್ನು ಮಾತ್ರ ಮುಟ್ಟಲಿಲ್ಲ. ಹಳೆಯ ಗಡಿಗಳು ಅಳಿದರೆ ಕಾಯುವ ಹಟವೂ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ. ಬಳಿಕ ಸಂಜೆ ದೀಪ ಆರಿಸಿ, ಕಿಟಕಿಯ ಬೆಳಕಿನಲ್ಲಿಯೇ ಮರಿಯನ್ನು ಹೊರಬಿಟ್ಟೆ.

ದೊಡ್ಡದು ಬಾಣದಂತೆ ನುಗ್ಗಿ ಬಂತು. ದವಡೆ ಬಡಿದು ಹೊರಡಿಸುವ ‘ಟಕ್ ಟಕ್’ ಸದ್ದು ಗಾಜಿನಾಚೆಗೂ ಕೇಳಿಸಿತು. ಮರಿ ಓಡಿತು, ಮೂಲೆ ಸೇರಿತು, ಅಲ್ಲಿಂದಲೂ ಓಡಿಸಲ್ಪಟ್ಟಿತು. ನನ್ನ ಹೆಂಡತಿ ಗಾಬರಿಯಾಗಿ, “ರೀ, ತೆಗೆದುಬಿಡಿ ಅದನ್ನು, ಸಾಯುತ್ತದೆ” ಎಂದಳು. ಜಾಲರಿ ನನ್ನ ಕೈಯಲ್ಲಿಯೇ ಇತ್ತು, ಆದರೆ ರೆಕ್ಕೆ ಹರಿದಿಲ್ಲ ಎಂಬುದನ್ನು ನೋಡುತ್ತ ತಡೆದೆ. ಅಷ್ಟರಲ್ಲಿ ಮರಿ ಓಡುವುದನ್ನು ನಿಲ್ಲಿಸಿ, ದೊಡ್ಡದರೆದುರು ಮಗ್ಗುಲಾಗಿ ಹೊರಳಿ, ಮೈಯೆಲ್ಲ ಅದುರಿಸತೊಡಗಿತು. ತಿಳಿಯದವರಿಗೆ ಅದು ಪ್ರಾಣ ಹೋಗುವ ಸೆಳೆತದಂತೆಯೇ ತೋರುತ್ತದೆ. ವಾಸ್ತವವಾಗಿ ಅದು ಶರಣಾಗತಿ, ನಾವು ಕಾದಿದ್ದೇ ಅದಕ್ಕಾಗಿ. ದೊಡ್ಡದು ಒಂದು ಸುತ್ತು ಹಾಕಿ ಹಿಂದಕ್ಕೆ ಸರಿಯಿತು. ಮತ್ತೆ ಬಂತು, ಮರಿ ಮತ್ತೆ ಅದುರಿತು. ರಾತ್ರಿಯ ಊಟದ ಹೊತ್ತಿಗೆ ಬೆನ್ನಟ್ಟುವುದು ವಿರಳವಾಗಿತ್ತು, ನಾನು ಜಾಲರಿಯನ್ನು ಬದಿಗಿರಿಸಿದೆ. ಕುಡಿಕೆಯೊಳಗೆ ಪ್ರವೇಶ ದೊರೆಯಲು ಮರಿಗೆ ಇನ್ನಷ್ಟು ಕಾಲ ಬೇಕಾಯಿತು.

ಈಗ ಎರಡಕ್ಕೂ ಒಟ್ಟಿಗೇ ಆಹಾರ ಹಾಕುತ್ತೇನೆ, ಆದರೂ ಚಿಕ್ಕದು ಚಿಕ್ಕದಾಗಿಯೇ ಇದೆ. ಒಸೆಲ್ಯಾರಿಸ್‌ಗೆ ಹತ್ತಿರದ ಜಾತಿಯಾದ, ಪಪುವಾ ನ್ಯೂಗಿನಿಯ ಪರ್ಕ್ಯುಲಾ ಕ್ಲೌನ್‌ಗಳ ಗುಂಪುಗಳನ್ನು ಅಭ್ಯಸಿಸಿದ ಪೀಟರ್ ಬಸ್ಟನ್, ಕೆಳಗಿನ ಸ್ಥಾನದ ಮೀನು ಮೇಲಿನದಕ್ಕೆ ಸವಾಲಾಗದಂತೆ ತನ್ನ ಬೆಳವಣಿಗೆಯನ್ನೇ ಹಿಡಿತದಲ್ಲಿಡುತ್ತದೆಂದು 2003ರಲ್ಲಿ ತೋರಿಸಿದ್ದರು. ಆದ್ದರಿಂದ ಚಿಕ್ಕದು ಚುರುಕಾಗಿ ತಿನ್ನುತ್ತಿರುವವರೆಗೆ ಅದರ ಗಾತ್ರದ ಬಗ್ಗೆ ನನಗೆ ಚಿಂತೆಯಿಲ್ಲ.

ಡೊಂಬಿವಲಿಯ ಗೆಳೆಯರೊಬ್ಬರು ಇದನ್ನೆಲ್ಲ ನೋಡಿ, “ಇಷ್ಟು ಚೆನ್ನಾಗಿ ಹೊಂದಿಕೊಂಡಿವೆ, ಮೂರನೆಯದನ್ನೂ ತನ್ನಿರಲ್ಲ” ಎಂದು ಕೇಳಿದರು. ಜೋಡಿ ನೆಲೆಯಾದ ಮೇಲೆ ಎರಡೂ ಸೇರಿ ಹೊಸದನ್ನು ಓಡಿಸುತ್ತವೆ, ನಮ್ಮ ತೊಟ್ಟಿಯಲ್ಲಿ ಅದಕ್ಕೆ ತಪ್ಪಿಸಿಕೊಳ್ಳಲು ಜಾಗವಿಲ್ಲ ಎಂದು ಹೇಳಿ, ಅವರ ಮನೆಗೇ ಬೇಕಾದರೆ ಒಂದು ದೊಡ್ಡದನ್ನೂ ಒಂದು ಚಿಕ್ಕದನ್ನೂ ಒಟ್ಟಿಗೇ ತರುವಂತೆ ಸೂಚಿಸಿದೆ.